ಕೆರೆಯ ಹಾಯಿ ಪಂದ್ಯ ಮತ್ತು ಒಂದು ಬಿಲ್ಲೆ ಕರ್ಪೂರ

ನಮ್ಮ ಮನೆಯಲ್ಲಿ ಲೈಟು ಬೇರೆ, ದೀಪ ಬೇರೆ. ಲೈಟು ಗೋಡೆಯ ಸ್ವಿಚ್ಚಿಗೆ ಸೇರಿದ್ದು. ಅದಕ್ಕೆ ಬಿಲ್ಲು ಬರುತ್ತದೆ, ಕರೆಂಟು ಹೋದರೆ ಅದೂ ಹೋಗುತ್ತದೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ದೀಪ ದೇವರದು. ಅದನ್ನು ಬಾಯಿಂದ ಊದಬಾರದು. ಆರಿತು ಎಂದು ಬಾಯಿ ತಪ್ಪಿಯೂ ಅನ್ನಬಾರದು, ‘ಕೊಂಡೆಕ್ಕಿತು’ ಅನ್ನಬೇಕು, ಬೆಟ್ಟ ಹತ್ತಿತು ಅಂತ ಅರ್ಥ. ಅಮ್ಮನ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ದೀಪಗಳೆಲ್ಲ ಬೆಟ್ಟ ಹತ್ತುತ್ತವೆ, ಲೈಟುಗಳು ಮಾತ್ರ ಆಫ್ ಆಗುತ್ತವೆ.

ಇದನ್ನು ಮೊದಲೇ ಹೇಳಲು ಕಾರಣವಿದೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬ್ಲೌಸು ಹೊಲಿದು ಬದುಕುವವಳು. ಬರೆದು ರೂಢಿಯಿಲ್ಲ. ಆದರೆ ನನ್ನ ಅಣ್ಣನಿಗೆ ನಾನು ಮಾಡಿದ್ದನ್ನು ಯಾರಾದರೂ ಬರೆಯಬೇಕಾದರೆ ನಾನೇ ಬರೆಯಬೇಕು. ನನ್ನ ಪರವಾಗಿ ಹೇಳಿಕೊಳ್ಳಲು ನನಗಿರುವುದು ಆ ಎರಡು ಪದಗಳ ವ್ಯತ್ಯಾಸ ಒಂದೇ.

ಅಣ್ಣನದು ಮುಳಬಾಗಿಲಿನಲ್ಲಿ ಫೋಟೋ ಸ್ಟುಡಿಯೋ. ಪಾಸ್‌ಪೋರ್ಟ್ ಸೈಜು, ಮದುವೆ, ನಾಮಕರಣ, ಬಿಟ್ಟರೆ ತೀರಿಹೋದವರ ಫೋಟೋ ದೊಡ್ಡದು ಮಾಡಿ ಹಾರ ಸೇರಿಸಿ ಕೊಡುವುದು. ನಮ್ಮ ಮನೆ ತಾಯಲೂರಿನ ಕಡೆಯ ಒಂದು ಹಳ್ಳಿಯಲ್ಲಿ, ಕೆರೆಯ ಪಕ್ಕದಲ್ಲೇ. ಅವನಿಗೆ ಕೆಲಸ ಕಲಿಸಿದ ಹಳೆಯ ಮೇಷ್ಟ್ರು ಅಂಗಡಿ ಬಿಟ್ಟು ಹೋಗುವಾಗ ಒಂದು ಮರದ ಕ್ಯಾಮೆರಾ, ಒಂದು ಡಬ್ಬಿ ಫೋಟೋ ಪೇಪರು ಕೊಟ್ಟು ಹೋಗಿದ್ದರು. ಕ್ಯಾಮೆರಾ ಹಾರ್ಮೋನಿಯಂ ಥರ ಮಡಿಕೆ ಮಡಿಕೆಯಾಗಿತ್ತು. ಬಟನ್ ಇಲ್ಲ, ಫಿಲಂ ಇಲ್ಲ, ಆ ಪೇಪರಿನ ಒಂದೊಂದು ಹಾಳೆಯನ್ನೇ ಒಳಗೆ ಹಾಕಬೇಕು. ಗಾಜಿನ ಮೇಲಿನ ಮುಚ್ಚಳ ತೆಗೆದು ಹಾಕಿದರೆ ಅದೇ ಫೋಟೋ. ಹಿಂದೆ ಕರಿ ಬಟ್ಟೆಯೊಳಗೆ ತಲೆ ತೂರಿಸಿ ನೋಡಿದರೆ ಲೋಕವೆಲ್ಲ ತಲೆಕೆಳಗು. ಅಮ್ಮ ಒಮ್ಮೆ ನೋಡಿ ಹೊರಬಂದವಳೇ, “ನಮ್ ಎಮ್ಮೆ ಆಕಾಶಕ್ಕೆ ನೇತಾಡ್ತೈತಲ್ಲೋ! ಹಾಲೆಲ್ಲಾ ಸುರಿದೋಗಲ್ವಾ?” ಅಂದಿದ್ದಳು.

ಒಂದು ಸಂಜೆ ಅಣ್ಣ ಫೋನಿನಲ್ಲಿ ಯಾವುದೋ ದೇಶದ ಬಂದರಿನ ಹಳೆಯ ಫೋಟೋಗಳನ್ನು ತೋರಿಸಿದ. ಪುಟ್ಟ ದೋಣಿ. ಅದಕ್ಕೆ ಮದುವೆ ಶಾಮಿಯಾನದಷ್ಟು ದೊಡ್ಡ ಬಟ್ಟೆ ಕಟ್ಟಿದ್ದಾರೆ. ಗಂಡಸರೆಲ್ಲ ಒಂದೇ ಪಕ್ಕಕ್ಕೆ ಸೇರಿ, ಬೆನ್ನು ನೀರಿಗೆ ತಾಗುವಷ್ಟು ಹೊರಗೆ ವಾಲಿದ್ದಾರೆ.

“ಹಾಯಿದೋಣಿ ರೇಸಮ್ಮ,” ಅಂದ ಅಣ್ಣ.

“ಹಾಯಾಗಿ ಕೂತ್ಕೊಂಡು ಹೋಗೋದು ಬಿಟ್ಟು ಯಾಕೋ ಹೊರಗಡೆ ನೇತಾಡ್ತಾವ್ರೆ? ಒಳಗೆ ಸೀಟಿಲ್ವಾ?”

“ಬ್ಯಾಲೆನ್ಸಿಗಮ್ಮ.”

“ನಮ್ ತಾಯಲೂರು ಆಟೋನೂ ಹಿಂಗೇ ಬರೋದು. ಅದಕ್ಕ್ಯಾರೂ ಫೋಟೋ ತೆಗೆಯಲ್ಲ.”

ಅಣ್ಣ ನಗಲಿಲ್ಲ. ಆ ಫೋಟೋಗಳನ್ನು ತೆಗೆದವರ ಹತ್ತಿರವೂ ಅವನ ಥರದ್ದೇ ಮರದ ಪೆಟ್ಟಿಗೆ ಇತ್ತಂತೆ. ಓಡುವ ದೋಣಿಯನ್ನು ನಿಲ್ಲಿಸದೆ ಪೆಟ್ಟಿಗೆಯೊಳಗೆ ಹಿಡಿಯುವುದೇ ಆಗ ದೊಡ್ಡ ವಿದ್ಯೆಯಂತೆ. “ಈಗ ಫೋನು ಒತ್ತಿದ್ರೆ ಬರುತ್ತೆ ಕಣೇ,” ಅಂದ ನನಗೆ. “ನಾನು ಒತ್ತೋನು ಅಷ್ಟೆ. ನನ್ ಕೈಗೆ ಫೋಟೋ ತೆಗೆಯೋಕೆ ಬರುತ್ತಾ ಇಲ್ವಾ ಅಂತ ನನಗೇ ಗೊತ್ತಿಲ್ಲ. ಒಂದು, ಒಂದೇ ಒಂದು, ಹಿಂಗೆ ತೆಗೀಬೇಕು.”

ಅಣ್ಣ ಹಾಗೆ ಏನನ್ನೂ ಕೇಳಿದವನಲ್ಲ. ಹಾಗಾಗಿ ಮಾತು ನನ್ನ ಮನಸ್ಸಿಗೆ ತಾಗಿತು. ಇದನ್ನು ಬರೆಯುವಾಗಲೂ ತಾಗುತ್ತಿದೆ.

ಬಂದರು ನಮ್ಮಿಂದ ಒಂದು ರಾತ್ರಿ ಬಸ್ಸು ದೂರ. ಆದರೆ ಕೆರೆ ಇತ್ತು. ಹಿಂದಿನ ಮಳೆಗೆ ಕೋಡಿ ಹರಿದ ಕೆರೆ, ಆಷಾಢ ಬಂದರೂ ಅರ್ಧಕ್ಕಿಂತ ಮೇಲೆ ನೀರು ಉಳಿಸಿಕೊಂಡಿತ್ತು. ಆಷಾಢದ ಗಾಳಿಯಂತೂ ನಮ್ಮ ಕಡೆ ಒಣಗಿಹಾಕಿದ ಲುಂಗಿಯನ್ನು ಪಕ್ಕದೂರಿಗೆ ಒಯ್ಯುವಂಥದ್ದು. ಪಂದ್ಯ ಇರಲಿಲ್ಲ. ಫೋಟೋ ಬೇಕು ಅಂತ ಪಂದ್ಯ ಹುಟ್ಟಿಸಿದ ಊರು ನಮ್ಮದೊಂದೇ ಇರಬೇಕು.

ಕೆರೆಯಲ್ಲಿ ಮೀನು ಹಿಡಿಯುವ ಮಾಮ ಒಬ್ಬ ಇದ್ದಾನೆ. ರಕ್ತಸಂಬಂಧ ಏನಿಲ್ಲ, ಊರಿಗೆಲ್ಲ ಮಾಮ. ಅವನ ದೋಣಿ ಅಂದರೆ ಗೊಬ್ಬರದ ಚೀಲದೊಳಗೆ ಥರ್ಮಾಕೋಲ್ ತುಂಬಿ ಹೊಲಿದ ತೆಪ್ಪ. ಅಣ್ಣ ಅವನ ಮುಂದೆ ಫೋನು ಹಿಡಿದ.

ಮಾಮ ತುಂಬಾ ಹೊತ್ತು ನೋಡಿದ. “ಬಟ್ಟೆ ಕಟ್ಟಿದ್ರೆ ತಾನೇ ಹೋಗ್ತೈತಾ? ಹುಟ್ಟು ಹಾಕೋದೇ ಬೇಡ್ವಾ?”

“ಬೇಡ ಮಾಮ.”

“ಇದನ್ನ ಮೊದ್ಲೇ ಹೇಳೋಕೇನ್ಲಾ ನಿಂಗೆ? ಹುಟ್ಟು ಹಾಕಿ ಹಾಕಿ ನನ್ ಭುಜ ಹೋಯ್ತಲ್ಲೋ!”

ಹೀಗೆ ಮಾಮ ಸೇರಿದ. ಅವನ ಬಾಮೈದ ಸೇರಿದ. ಹಿಪ್ಪುನೇರಳೆ ತೋಟದ ಅಣ್ಣ ತಮ್ಮಂದಿರಿಬ್ಬರು, ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದವರು, ಒಂದೇ ತೆಪ್ಪ ಎಂದು ಗೊತ್ತಾಗದೆ ಬೇರೆ ಬೇರೆಯಾಗಿ ಬಂದು ಹೆಸರು ಕೊಟ್ಟು ಹೋದರು. ಹಾಯಿ ಹೊಲಿಯುವ ಕೆಲಸ ನನಗೆ ಬಂತು. ಮಾಮನಿಗೆ ಫ್ಲೆಕ್ಸಿನ ಹಾಯಿ, ಯಾವುದೋ ಮುಖಂಡರ ಹುಟ್ಟುಹಬ್ಬದ್ದು. ಬಾಮೈದನಿಗೆ ಅಮ್ಮನ ಹಳೆಯ ಸೀರೆ. ಮಾತು ಬಿಟ್ಟವರಿಗೆ ನೀಲಿ ಟಾರ್ಪಾಲು. ಫ್ಲೆಕ್ಸು ಹೊಲಿಯುವುದು ಕಷ್ಟ, ಸೂಜಿ ಜಾರುತ್ತದೆ. ಮುಖಂಡರ ಮುಖ ಪೂರ್ತಿ ಹಿಡಿಸದೆ ನಾನು ಕತ್ತರಿಸಿ, ಒಂದು ಕೆನ್ನೆ, ಅರ್ಧ ಮೀಸೆ, ಜೋಡಿಸಿದ ಒಂದು ಕೈ, ಇಷ್ಟನ್ನು ಉಳಿಸಿದೆ. ಗಾಳಿ ತುಂಬಿದರೆ ಆ ಕೆನ್ನೆ ಲಾಡು ಇಟ್ಟುಕೊಂಡ ಹಾಗೆ ಉಬ್ಬುತ್ತಿತ್ತು.

ಪಂದ್ಯದ ದಿನ ಊರೆಲ್ಲ ಏರಿಯ ಮೇಲೆ. ಅಣ್ಣ ಕ್ಯಾಮೆರಾ ನಿಲ್ಲಿಸಿ, ಫೋಟೋ ಬಂದರೆ ಓಡಿಸಿದವರಿಗೆಲ್ಲ ಒಂದೊಂದು ಕಾಪಿ ಎಂದು ಮಾತು ಕೊಟ್ಟ. ಗಾಳಿ ಎದುರು ದಡದಿಂದ ಏರಿಗೆ ಬೀಸುತ್ತಿತ್ತು. ತೆಪ್ಪಗಳು ನೇರವಾಗಿ ಕ್ಯಾಮೆರಾದ ಕಡೆಗೇ ಬರುತ್ತವೆ, ಅಡ್ಡ ಹೋಗುವುದಕ್ಕಿಂತ ಎದುರು ಬರುವುದರಲ್ಲಿ ಕದಲಿದ್ದು ಕಡಿಮೆ ಕಾಣುತ್ತದೆ ಎಂದು ಲೆಕ್ಕ ಹಾಕಿದ್ದ. ಮುಚ್ಚಳ ತೆಗೆಯುವುದಕ್ಕೂ ಅವನದೇ ಲೆಕ್ಕ ಇತ್ತು. ‘ಒಂದು’ ಅನ್ನುವುದು. ‘ಒಂ’ ಅಂದಾಗ ತೆಗೆಯುವುದು, ‘ದು’ ಅಂದಾಗ ಮುಚ್ಚುವುದು. ಅಷ್ಟೇ ಬೆಳಕು ಆ ಪೇಪರಿಗೆ ಸಾಕು.

ಆದರೂ ಭಯಕ್ಕೆ ಇನ್ನೊಂದು ಉಪಾಯ ಮಾಡಿದ್ದ. ಅವನು ಸೀಟಿ ಊದಿದ ತಕ್ಷಣ ಎಲ್ಲರೂ ಸ್ಟ್ಯಾಚ್ಯೂ ಆಗಬೇಕು, ಮಕ್ಕಳಾಟದ ಹಾಗೆ.

“ನಾವು ಸ್ಟ್ಯಾಚ್ಯೂ ಆಗ್ತೀವಿ, ಸರಿ,” ಅಂದ ಮಾಮ. “ಗಾಳಿಗೆ ಸ್ಟ್ಯಾಚ್ಯೂ ಹೇಳೋರ್ಯಾರು? ನೀನಾ?”

“ಮತ್ತೆ ಮಾಮ, ಆ ಫೋಟೋದಲ್ಲಿ ಇದ್ರಲ್ಲ, ಹಂಗೆ ಸ್ವಲ್ಪ ಹೊರಗೆ ವಾಲ್ಬೇಕು.”

“ಯಾಕ್ಲಾ? ಗಾಳಿ ನೆಟ್ಟಗೆ ಬೆನ್ನಿಗೆ ಬೀಸ್ತೈತೆ. ವಾಲೋದು ಯಾತಕ್ಕೆ?”

“ಚೆನ್ನಾಗ್ ಕಾಣುತ್ತೆ ಮಾಮ.”

ಚೆನ್ನಾಗಿ ಕಾಣುತ್ತದೆ ಅಂದ ಮೇಲೆ ಮಾಮ ಇಲ್ಲ ಅನ್ನುವವನಲ್ಲ. ಮೊದಲ ಸೀಟಿಗೇ ವಾಲಿದ. ವಾಲಿದವನು ಹಾಗೇ ಹಿಂದಕ್ಕೆ ಹೋಗಿ ನೀರಿಗೆ ಬಿದ್ದ. ಬೀಳುವಾಗಲೂ ಸ್ಟ್ಯಾಚ್ಯೂ ಬಿಡಲಿಲ್ಲ, ಕೈ ಎತ್ತಿಕೊಂಡೇ ಮುಳುಗಿದ. ಮುಖಂಡರು ಒಬ್ಬರೇ ಕೆನ್ನೆ ಉಬ್ಬಿಸಿಕೊಂಡು ನಮ್ಮ ಕಡೆ ಬರತೊಡಗಿದರು, ಹಿಂದೆ ಮಾಮ ಈಜುತ್ತಾ. ಬಾಮೈದ ನಗುವ ಭರದಲ್ಲಿ ಹೋಗಿ ನೀರೊಳಗೆ ನಿಂತಿದ್ದ ಜಾಲಿ ಗಿಡಕ್ಕೆ ಸೀರೆ ಸಿಕ್ಕಿಸಿಕೊಂಡ. ಮಾತು ಬಿಟ್ಟ ಅಣ್ಣ ತಮ್ಮಂದಿರು, “ಎಡಕ್ಕೆ ತಿರುಗ್ಸೋ ಅಂತ ಅವನಿಗೆ ಹೇಳ್ರೋ!” ಎಂದು ಏರಿಯ ಮೇಲಿದ್ದವರ ಕೈಲಿ ಒಬ್ಬರಿಗೊಬ್ಬರು ಹೇಳಿಸಿಕೊಳ್ಳುತ್ತಾ ಬಂದು ಗೆದ್ದರು. ಅಣ್ಣ ಒಂದೊಂದಾಗಿ ಐದು ಹಾಳೆ ತೆಗೆದ. ಕೊನೆಯದು ಮುಚ್ಚಿದಾಗ ಅವನ ಮುಖ ನಾನು ನೋಡಿದೆ. ಪರೀಕ್ಷೆ ಬರೆದು ಬಂದ ಹುಡುಗನ ಹಾಗೆ ಇತ್ತು.

ಸಂಜೆ ಮನೆಯ ಉಗ್ರಾಣದ ಕಿಟಕಿಗೆ ಕಂಬಳಿ ಹೊಡೆದು ಕತ್ತಲ ಕೋಣೆ ಮಾಡಿಕೊಂಡ. ಒಳಗೆ ಒಂದು ಸಣ್ಣ ಕೆಂಪು ಬಲ್ಬು. ದೇವರ ಗೂಡಿನಲ್ಲಿ ನಮ್ಮ ಅಮ್ಮ ಹಾಕಿರುವುದೂ ಅದೇ ಬಲ್ಬು, ಒಂದೇ ಅಂಗಡಿಯಲ್ಲಿ ತಂದದ್ದು. ಫೋಟೋ ತೊಳೆಯುವ ಔಷಧಿ ನೀರು ಕಲಸಲು ನಲ್ಲಿ ಬಿಟ್ಟರೆ ನೀರು ಬರಲಿಲ್ಲ. ಹಿತ್ತಲ ಡ್ರಮ್ಮಿನಿಂದ ತರಲು ಹೊರಗೆ ಬಂದವನು ನನಗೆ, “ಒಳಗೆ ಯಾರೂ ಲೈಟ್ ಹಾಕ್ಬೇಡಿ,” ಎಂದು ಹೇಳಿ ಹೋದ. ಅಷ್ಟರಲ್ಲಿ ಮಾಮ ಬಂದು, “ಬಂತೇನ್ಲಾ ನನ್ ಫೋಟೋ? ಬಿದ್ದಿದ್ದು ಬಂದಿದ್ರೆ ಅದು ಬೇಡ, ಏಳೋದು ಇದ್ರೆ ಕೊಡು,” ಎಂದು ಅವನನ್ನು ಬೇಲಿಯ ಹತ್ತಿರ ಹಿಡಿದು ನಿಲ್ಲಿಸಿಕೊಂಡ.

ನಾನು ಒಳಗೆ ಹೋದೆ. ನೋಡಬೇಕು ಅನ್ನುವ ಆಸೆ, ಬೇರೇನಿಲ್ಲ. ಮೇಜಿನ ಮೇಲೆ ಕರಿ ಬಟ್ಟೆ ಮುಚ್ಚಿತ್ತು. ಎತ್ತಿದೆ. ಸಾಲಾಗಿ ಐದು ಹಾಳೆ. ಎಲ್ಲವೂ ಬರಿ ಬಿಳಿ. ಒಂದರಲ್ಲೂ ಒಂದು ಗೀಟಿಲ್ಲ.

ಔಷಧಿಗೆ ಹಾಕಿದ ಮೇಲೆಯೇ ಚಿತ್ರ ಏಳುವುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಫೋನಿನಲ್ಲಿ ತೆಗೆದ ಕೂಡಲೇ ಕಾಣುತ್ತದಲ್ಲ. ಬರಲೇ ಇಲ್ಲವಲ್ಲಪ್ಪ, ಊರೆಲ್ಲ ಕಾಯುತ್ತಿದೆ, ಅಣ್ಣ ಇದನ್ನು ನೋಡಿದರೆ ಏನಾಗಬೇಕು ಅಂದುಕೊಂಡೆ. ಸುತ್ತ ನೋಡಿದರೆ ಕತ್ತಲು, ಕೆಂಪು ಬಲ್ಬು, ಸಾಲಾಗಿ ಜೋಡಿಸಿದ ಹಾಳೆ, ತಟ್ಟೆಗಳು, ಚೊಂಬು. ದೇವರ ಮನೆಗೆ ಏನು ಕಡಿಮೆ? ಪಕ್ಕದ ದೇವರ ಗೂಡಿನಿಂದ ಆರತಿ ತಟ್ಟೆ ತಂದೆ. ಒಂದು ಬಿಲ್ಲೆ ಕರ್ಪೂರ ಇಟ್ಟೆ. “ಕುರುಡುಮಲೆ ಗಣಪ್ಪ, ನೀನು ಅಷ್ಟೆತ್ತರ ಇದೀಯ, ಇಷ್ಟಗಲ ಫೋಟೋ ತರ್ಸೋಕೆ ನಿಂಗೇನು ಕಷ್ಟ? ಬಂದ್ರೆ ನಡ್ಕೊಂಡ್ ಬಂದು ಕಾಯಿ ಒಡೀತೀನಿ,” ಅಂದು ಹಚ್ಚಿ, ಬಗ್ಗಿ, ಹಾಳೆಗಳಿಗೆ ಮೂರು ಸುತ್ತು ಮಂಗಳಾರತಿ ಎತ್ತಿದೆ.

ಲೈಟು ಹಾಕಲಿಲ್ಲ. ದೇವರಾಣೆಗೂ ಲೈಟು ಹಾಕಲಿಲ್ಲ.

ಕರ್ಪೂರ ಬೆಟ್ಟ ಹತ್ತಿದ ಮೇಲೆ ಬಟ್ಟೆ ಮೊದಲಿನ ಹಾಗೆ ಮುಚ್ಚಿ ಹೊರಗೆ ಬಂದೆ. ಅಣ್ಣ ಒಳಗೆ ಹೋದ. ಕರ್ಪೂರದ ವಾಸನೆ ನಮ್ಮ ಮನೆಯ ಗೋಡೆಗೇ ಇರುವುದರಿಂದ ಅವನಿಗೆ ಅನುಮಾನ ಬರಲಿಲ್ಲ. ಬಾಗಿಲ ಹೊರಗೆ ಮಾಮ, ಅಮ್ಮ, ನಾನು ನಿಂತಿದ್ದೆವು. ಸ್ವಲ್ಪ ಹೊತ್ತಿಗೆ ಅವನು ಬಂದ. ಅಭ್ಯಾಸಬಲದಿಂದ ಕೊನೆಯ ನೀರಿನವರೆಗೂ ಎಲ್ಲವನ್ನೂ ಮುಗಿಸಿಯೇ ಬಂದಿದ್ದ. ಕೈಯಲ್ಲಿ ಐದು ಹಾಳೆ, ನೀರು ತೊಟ್ಟಿಕ್ಕುತ್ತಿತ್ತು. ಐದೂ ಕರಿ. ಬಾಣಲೆಯ ತಳದ ಹಾಗೆ ಕರಿ.

“ಬೆಳಕು ಜಾಸ್ತಿ ಬಿದ್ದು ಕರಿ ಆಗ್ಬಿಟ್ಟಿದೆ,” ಅಂದ. “ಒಂದು ಅನ್ನೋದನ್ನ ಎಳೆದ್ಬಿಟ್ಟೆ ಅನ್ಸುತ್ತೆ.”

ಬೆಳಕು ಅನ್ನುವ ಮಾತು ಕಿವಿಗೆ ಬಿದ್ದ ಆ ಕ್ಷಣ ನನಗೆ ಗೊತ್ತಾಯಿತು. ಅವನು ಹೇಳಿದ ಲೈಟಿಗೂ ನನ್ನ ದೀಪಕ್ಕೂ ಆ ಹಾಳೆ ವ್ಯತ್ಯಾಸ ಮಾಡಿರಲಿಲ್ಲ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಮಾಮ ಒಂದು ಹಾಳೆ ಎತ್ತಿ ಹಿಡಿದು, “ಇದೇನ್ಲಾ, ಅಮಾಸೆ ದಿನ ತೆಗ್ದಂಗೈತೆ! ಇದ್ರಲ್ಲಿ ನಾನೆಲ್ಲಿದೀನಿ?” ಅಂದ.

ನಾನು ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ತೆರೆದ ಬಾಯಿಗೆ ಏನಾದರೂ ಕೆಲಸ ಬೇಕಿತ್ತು. ಕರ್ಪೂರ ಹಚ್ಚಿದ್ದು ತಿಳಿಯದೆ ಮಾಡಿದ್ದು. ಆ ನಗು ತಿಳಿದೇ ನಕ್ಕದ್ದು. ನನ್ನ ತಪ್ಪು ಅಂತ ನಾನು ಬರೆಯಲು ಕೂತಿರುವುದು ಅದನ್ನೇ.

ಮಾರನೇ ದಿನದಿಂದ ಅಣ್ಣ ‘ಅಮಾಸೆ’ ಆದ. ಸ್ಟುಡಿಯೋಗೆ ಬಂದವರು ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು, “ಮುಖ ಬಂದೈತೆ ತಾನೇ ಅಮಾಸೆ?” ಅನ್ನುತ್ತಿದ್ದರು. ಅದನ್ನು ಅವನೂ ನಗುತ್ತಲೇ ತೆಗೆದುಕೊಂಡ. ಆದರೆ ಕ್ಯಾಮೆರಾವನ್ನು ಅಮ್ಮನ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಕರಿ ಹಾಳೆಗಳನ್ನು ಒಲೆಗೆ ಹಾಕು ಎಂದು ನನ್ನ ಕೈಗೆ ಕೊಟ್ಟ. ನನಗೆ ಸುಡಲು ಕೈ ಬರಲಿಲ್ಲ. ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಬಟ್ಟೆ ಪಟ್ಟಿಗಳ ಕೆಳಗೆ ಇಟ್ಟೆ.

ಆಮೇಲೆ ಶುರುವಾದದ್ದು ಎಣಿಕೆ. ಊಟಕ್ಕೆ ಕೂತವನು ತುತ್ತು ಹಿಡಿದುಕೊಂಡು ಮೆಲ್ಲಗೆ, “ಒಂದು,” ಅನ್ನುವನು. ಸ್ವಲ್ಪ ತಡೆದು ಮತ್ತೆ, “ಒಂದು.” ಸ್ನಾನದ ಮನೆಯಿಂದ, “ಒಂದು… ಒಂದು…”

“ಎರಡು ಮರೆತೋಯ್ತೇನೋ?” ಅನ್ನುತ್ತಿದ್ದಳು ಅಮ್ಮ. “ಇಷ್ಟೆಲ್ಲಾ ಓದ್ಸಿ ಒಂದಕ್ಕೇ ನಿಂತ್ಕೊಂಡ್ಯಲ್ಲೋ ನಾಯನಾ!”

ನಾವು ನಗುತ್ತಿದ್ದೆವು. ನನಗೆ ಗೊತ್ತಿತ್ತು, ಅವನು ತನ್ನ ‘ಒಂದು’ ಎಷ್ಟು ಉದ್ದ ಇತ್ತು ಎಂದು ಹುಡುಕುತ್ತಿದ್ದಾನೆ. ಕ್ರಮೇಣ ಮದುವೆಗಳಲ್ಲೂ ಒಂದೊಂದು ಫೋಟೋ ತೆಗೆದ ಮೇಲೆ ಪರದೆ ನೋಡಿಕೊಳ್ಳುವುದು, ಸಾಲದೆ ಪಕ್ಕದವರಿಗೆ ತೋರಿಸಿ, “ಬಂದಿದೆಯಾ?” ಎಂದು ಕೇಳುವುದು ಶುರುವಾಯಿತು. ಒಂದು ಮದುವೆಗೆ ನಾನೂ ಹೋಗಿದ್ದೆ. ನನಗೂ ತೋರಿಸಿ ಕೇಳಿದ. ಬಂದಿದೆ ಅಣ್ಣ ಅಂದೆ. ಅವನು ನಂಬಲಿಲ್ಲ.

ಮತ್ತೆ ಆಷಾಢ ಬಂತು. ಕೆರೆಯಲ್ಲಿ ನೀರಿತ್ತು. ಮಾಮ ತಾನೇ ಮನೆಗೆ ಬಂದ. “ಏ ಅಮಾಸೆ, ಈ ಸಲ ಯಾವತ್ಲಾ ಸ್ಟ್ಯಾಚ್ಯೂ ರೇಸು? ತೋಟದೋರಿಬ್ರೂ ಈಗ ಮಾತಾಡ್ತಾವ್ರೆ, ಆದ್ರೆ ಬರೀ ರೇಸಿನ ಮಾತು.”

“ನೀವೇ ಮಾಡ್ಕೊಳ್ಳಿ ಮಾಮ. ನನ್ ಎಣಿಕೆ ಸರಿಯಿಲ್ಲ. ಡಬ್ಬೀಲಿ ಉಳಿದಿರೋ ನಾಲ್ಕು ಹಾಳೇನೂ ಕರಿ ಮಾಡೋದು ಯಾಕೆ?” ಅಂದ ಅಣ್ಣ.

ತಮಾಷೆಗೆ ಹೇಳಿದ್ದಲ್ಲ. ಮಾಮನೂ ನಗಲಿಲ್ಲ. ಅವನು ಹೊರಟ ಮೇಲೆ ನಾನು ಮೆಷಿನ್ನು ನಿಲ್ಲಿಸಿದೆ.

“ಅಣ್ಣ, ನಿನ್ ಒಂದು ಸರಿಯಾಗೇ ಇತ್ತು.”

“ಯಾವ ಒಂದು?”

“ಅವತ್ತಿಂದು. ನೀನು ನೀರು ತರೋಕೆ ಹೋದಾಗ ನಾನು ಒಳಗೆ ಹೋಗಿದ್ದೆ. ಹಾಳೆ ಎಲ್ಲಾ ಬಿಳಿ ಇತ್ತು. ಫೋಟೋ ಬರ್ಲಿ ಅಂತ ಆರತಿ ಎತ್ತಿದೆ.”

ಅವನು ನನ್ನನ್ನೇ ನೋಡಿದ. “ಲೈಟ್ ಹಾಕ್ಬೇಡ ಅಂದಿದ್ನಲ್ಲೇ?”

“ಲೈಟ್ ಹಾಕ್ಲಿಲ್ಲ ಅಣ್ಣ. ಕರ್ಪೂರ.”

ಅಡುಗೆ ಮನೆಯಿಂದ ಅಮ್ಮ, “ಅದು ಲೈಟಲ್ವಲ್ಲೋ!” ಎಂದು ನನ್ನ ಪರ ಬಂದಳು. ಅಣ್ಣ ಎದ್ದು ಹೊರಗೆ ಹೋದ.

ಕೂಗಾಡಿದ್ದರೆ ಚೆನ್ನಾಗಿತ್ತು. ನನ್ನ ಜತೆ ಮಾತು ಬಿಟ್ಟ. ನಾನು ಸಾರಿನ ಪಾತ್ರೆ ಹಿಡಿದು ಪಕ್ಕದಲ್ಲೇ ನಿಂತಿದ್ದರೆ, “ಅಮ್ಮ, ಸಾರು ಹಾಕೋಕೆ ಹೇಳು,” ಅನ್ನುವನು. ಅಮ್ಮ, “ತೋಟದೋರು ಮಾತಾಡೋ ಹೊತ್ಗೆ ನೀವು ಬಿಟ್ರಾ?” ಎಂದು ಗೊಣಗುವಳು. ಒಂದು ಸಲ ಮಾತ್ರ ನನ್ನ ಕಡೆ ತಿರುಗದೆ ಹೇಳಿದ, “ಕರ್ಪೂರ ಹಚ್ಚಿದ್ದಕ್ಕಲ್ಲ. ಆಷಾಢದಿಂದ ಆಷಾಢಕ್ಕೆ ನಾನು ಎಣಿಸೋದು ನೋಡ್ತಾ ಕೂತಿದ್ಯಲ್ಲ.”

ಅದೇ ವಾರ ಒಂದು ಬೆಳಿಗ್ಗೆ ಮೆಷಿನ್ನಿನ ಮುಂದೆ ಬಂದು ನಿಂತ.

“ಎಷ್ಟು ಹೊತ್ತು ಉರೀತು?”

“ಏನು?”

“ಕರ್ಪೂರ.”

“ಕೊಂಡೆಕ್ಕೋವರೆಗೂ.”

“ತಟ್ಟೆ ಎಷ್ಟೆತ್ತರ ಇತ್ತು?”

ತೋರಿಸಿದೆ. ಎರಡು ಗೇಣು. ಬಗ್ಗಿ ನಿಂತಿದ್ದೆನಲ್ಲ. “ಮಧ್ಯದಲ್ಲೇ ನಿಂತಿದ್ಯಾ?” ಮಧ್ಯದಲ್ಲೇ. ಅವನು ಏನೋ ಯೋಚಿಸಿ, “ಛೆ, ಸುಡೋಕೆ ಕೊಟ್ಬಿಟ್ನಲ್ಲ,” ಅಂದ. ನಾನು ಡ್ರಾಯರು ಎಳೆದು ಐದು ಹಾಳೆ ಅವನ ಕೈಗಿಟ್ಟೆ.

ಅಂಗಳಕ್ಕೆ ಹೋಗಿ ಒಂದೊಂದನ್ನೇ ಸೂರ್ಯನಿಗೆ ಅಡ್ಡ ಹಿಡಿದು ನೋಡಿದ. ಒಂದು, ಎರಡು, ಕರಿಯೇ. ಮೂರನೆಯದನ್ನು ಹಿಡಿದವನು ಹಾಗೇ ನಿಂತುಬಿಟ್ಟ. “ಬಾರೇ ಇಲ್ಲಿ,” ಅಂದ. ಅಮ್ಮನ ಮೂಲಕ ಅಲ್ಲ, ನೇರ ನನಗೆ.

ಕರಿ ಹಾಳೆಯ ನಡುವೆ, ಬಿಸಿಲು ಹಿಂದಿನಿಂದ ಬಿದ್ದಾಗ ಮಾತ್ರ ಕಾಣುವ ಹಾಗೆ, ಒಂದು ದುಂಡನೆಯ ತಿಳಿ ಜಾಗ ಇತ್ತು. ನನ್ನ ಆರತಿ ತಟ್ಟೆಯ ನೆರಳು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆ ಅಷ್ಟನ್ನು ಕಾಪಾಡಿತ್ತು. ಅಣ್ಣ ಅದನ್ನು ಫೋನಿನಲ್ಲಿ ಹಿಡಿದು, ಕರಿಯನ್ನು ಬಿಳಿ, ಬಿಳಿಯನ್ನು ಕರಿ ಮಾಡಿ, ತಿರುಗಿಸಿ ತೋರಿಸಿದ. ದುಂಡಗಿನ ಚಂದ್ರನೊಳಗೆ ಒಂದು ಉಬ್ಬಿದ ಕೆನ್ನೆ. ಅರ್ಧ ಮೀಸೆ. ಕೂದಲು ಕೂದಲಾಗಿ, ಒಂದಿಷ್ಟೂ ಕದಲದೆ. ಅದರ ಪಕ್ಕ ನೀರಿನ ಮೇಲೆ ಎರಡು ಅಂಗಾಲು. ಮಾಮನದು.

“ಒಂದು,” ಅಂದ ಅಣ್ಣ, ಮೆಲ್ಲಗೆ. ಮತ್ತೆ ಹೇಳಲಿಲ್ಲ. ಅಟ್ಟಕ್ಕೆ ಏಣಿ ಹಾಕಿದ.

ಆ ಭಾನುವಾರ ಪಂದ್ಯ ಆಯಿತು. ಮಾಮ ಈ ಸಲ ವಾಲುವುದಿಲ್ಲ ಎಂದು ಮೊದಲೇ ಹೇಳಿ, ಸೀಟಿ ಕೇಳಿದ ಕೂಡಲೇ ವಾಲಿದ. ಸಂಜೆ ಅಣ್ಣ ಉಗ್ರಾಣದ ಬಾಗಿಲಿಗೆ ಸೀಮೆಸುಣ್ಣದಲ್ಲಿ, ‘ಲೈಟು, ದೀಪ, ಕರ್ಪೂರ, ಊದುಬತ್ತಿ, ಬೆಂಕಿಪೊಟ್ಟಣ, ಮೊಬೈಲು ನಿಷೇಧ’ ಎಂದು ಬರೆದ. ಬರೆದು, ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದ. ಬಿಳಿ ಹಾಳೆಯನ್ನು ಔಷಧಿ ನೀರಿಗೆ ಬಿಟ್ಟು ತಟ್ಟೆ ಅಲುಗಾಡಿಸಿದ. ಮೊದಲು ಏನೂ ಇರಲಿಲ್ಲ. ಆಮೇಲೆ ಕೆಂಪು ಬೆಳಕಿನಲ್ಲಿ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ಒಂದು ಹಾಯಿ ಎದ್ದಿತು. ಇನ್ನೊಂದು ಎದ್ದಿತು. ವಾಲಿದ ಬೆನ್ನೊಂದು ಎದ್ದಿತು.

ನನ್ನ ಎರಡು ಕೈ ತಾವಾಗಿಯೇ ಮೇಲಕ್ಕೆ ಹೋದವು. ಅಣ್ಣ ತಟ್ಟೆಯಿಂದ ಕಣ್ಣು ತೆಗೆಯದೆ ಹೇಳಿದ.

“ಕೈ ಬೇಕಾದ್ರೆ ಮುಗಿ. ಏನೂ ಹಚ್ಬೇಡ.”